90ರ ಪರದೆ ಕಟ್ಟಿದರೂ ಪಶ್ಚಿಮದ ಸಾಲಿನ ಟೊಮೆಟೊ ಸುಟ್ಟಿದ್ದೇಕೆ?

ರಾಯಚೂರು ಹಿತ್ತಲು | ಏಪ್ರಿಲ್ 9, ಬೆಳಗ್ಗೆ 6:50

ನಮ್ಮ ಮನೆಯ ಹಿಂದೆ 12 ಅಡಿ ಅಗಲ, 15 ಅಡಿ ಉದ್ದದ ಜಾಗವಿದೆ. ಜನವರಿಯಲ್ಲಿ ಹದಿನಾರು ಟೊಮೆಟೊ ಸಸಿ, ಆರು ದೊಣ್ಣೆ ಮೆಣಸಿನ ಸಸಿ ನಾಟಿ ಮಾಡಿದೆ. ಸಂದಿಯಲ್ಲಿ ಕೊತ್ತಂಬರಿ, ಪಾಲಕ್. ಮಾರ್ಚ್ ಮೂರನೆಯ ವಾರದವರೆಗೂ ನೋಡಿದವರೆಲ್ಲ ಹೊಗಳಿದರು. ಆಮೇಲೆ ಬಿಸಿಲು ಏರಿತು. ರಾಯಚೂರಿನ ಬಿಸಿಲೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಬೇರೆ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಹನ್ನೊಂದು ಗಂಟೆಗೇ ಎಲೆಗಳು ಜೋತು ಬೀಳತೊಡಗಿದವು.

ಅಂಗಡಿಗೆ ಹೋಗಿ ನೆರಳು ಪರದೆ ಕೇಳಿದೆ. ಶೇಕಡಾ 50, 75, 90ರಷ್ಟು ನೆರಳು ಕೊಡುವವು ಎಂದು ಮೂರು ಬಗೆ ತೋರಿಸಿದರು. "ನಮ್ಮ ಬಿಸಿಲಿಗೆ 90 ಇಲ್ಲದೆ ಆಗುವುದಿಲ್ಲ" ಎಂದರು. ದುಡ್ಡು ಹೆಚ್ಚು ಕೊಟ್ಟರೆ ನೆರಳು ಹೆಚ್ಚು, ನೆರಳು ಹೆಚ್ಚಾದಷ್ಟೂ ಗಿಡಕ್ಕೆ ಹಿತ ಎಂದು ನಾನೂ ನಂಬಿ ಹಸಿರು ಬಣ್ಣದ 90ರದ್ದನ್ನೇ ತಂದೆ. ನಾಲ್ಕು ಮೂಲೆಗೆ ಬಿದಿರು ನೆಟ್ಟು ಐದು ಅಡಿ ಎತ್ತರದಲ್ಲಿ ಚಪ್ಪರದಂತೆ ಕಟ್ಟಿ ಇವತ್ತಿಗೆ ಹದಿನೆಂಟು ದಿನ.

ಈಗ ನಡುವಿನ ಗಿಡಗಳು ಕಡ್ಡಿಯಂತೆ ಉದ್ದವಾಗಿವೆ, ಎಲೆ ತೆಳುವಾಗಿ ಬಿಳಿಚಿಕೊಂಡಿದೆ, ಹೂವು ಉದುರುತ್ತಿದೆ. ಅದೇ ಪರದೆಯ ಕೆಳಗೆ ಪಶ್ಚಿಮದ ಸಾಲಿನ ನಾಲ್ಕು ಗಿಡಗಳಲ್ಲಿ ಕಾಯಿಗಳ ಒಂದು ಮಗ್ಗುಲು ಬೆಂದು ಬಿಳಿ ಕಾಗದದಂತಾಗಿದೆ. ಕತ್ತಲೂ ಆಯಿತು, ಸುಟ್ಟೂ ಹೋಯಿತು. ಒಂದೇ ಪರದೆಯಡಿ ಎರಡೂ ಹೇಗೆ? ತೆಗೆದುಬಿಡಲೇ? "ಹಳೆಯ ಸೀರೆ ಕಟ್ಟಿದ್ದರೆ ಸಾಕಿತ್ತು" ಎಂದು ನಮ್ಮ ಅತ್ತೆಯವರು ದಿನಕ್ಕೆ ಎರಡು ಸಲ ಹೇಳುತ್ತಿದ್ದಾರೆ.

ಬೆಂಗಳೂರು ಮಹಡಿ | ಏಪ್ರಿಲ್ 9, ಬೆಳಗ್ಗೆ 7:35

90ರ ಪರದೆ ಕಾರು ನಿಲ್ಲಿಸುವ ಜಾಗಕ್ಕೆ ಕಟ್ಟುವಂಥದ್ದು, ಮೇಡಂ. ಇವತ್ತೇ ಕಿತ್ತು ಹಾಕಿ. ಏಳು ವರ್ಷದಿಂದ ಮಹಡಿಯ ಮೇಲೆ ಟೊಮೆಟೊ ಬೆಳೆಯುತ್ತಿದ್ದೇನೆ, ಒಂದು ದಿನವೂ ಪರದೆ ಕಟ್ಟಿಲ್ಲ. ಟೊಮೆಟೊ ಬಿಸಿಲಿನ ಗಿಡ. ಎರಡು ಹೊತ್ತು ನೀರು ಕೊಡಿ, ಸುಮ್ಮನಿರಿ.

ಕೋಲಾರ ಸಸಿಮನೆ | ಏಪ್ರಿಲ್ 9, ಬೆಳಗ್ಗೆ 8:20

ಅಕ್ಕಾ, ದಯವಿಟ್ಟು ಇವತ್ತೇ ಕೀಳಬೇಡಿ. ಹದಿನೆಂಟು ದಿನ ಕತ್ತಲಲ್ಲಿ ಬೆಳೆದ ಎಲೆ ಅದು. ಈ ಬಿಸಿಲಿಗೆ ಏಕಾಏಕಿ ಒಡ್ಡಿದರೆ ಸಂಜೆಯೊಳಗೆ ಹಪ್ಪಳವಾಗುತ್ತದೆ. ನಾವು ಪ್ರೋ ಟ್ರೇಯಲ್ಲಿ, ಅಂದರೆ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ, ಸಸಿ ಬೆಳೆಸುವವರು. ಹೊಲಕ್ಕೆ ಕಳಿಸುವ ಮೊದಲು ಒಂದು ವಾರ ನೀರು ತಗ್ಗಿಸಿ, ಪರದೆಯನ್ನು ದಿನಕ್ಕಿಷ್ಟು ಸರಿಸುತ್ತಾ ಬರುತ್ತೇವೆ. ನಿಮ್ಮ ಗಿಡಗಳಿಗೂ ಅದೇ ಉಪಚಾರ. ಮೊದಲ ಮೂರು ದಿನ ಬೆಳಗ್ಗೆ 9ರವರೆಗೆ ಮಾತ್ರ ಪರದೆ ಸರಿಸಿ. ಆಮೇಲೆ ಹತ್ತಕ್ಕೆ, ಹತ್ತೂವರೆಗೆ.

ಬೆಂಗಳೂರಿನ ಸಾಹೇಬರಿಗೆ ಒಂದು ಮಾತು. ನಿಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ನಮ್ಮ ಕೋಲಾರ 800ಕ್ಕಿಂತ ಮೇಲೆ. ರಾಯಚೂರು ಅದರ ಅರ್ಧದಷ್ಟು ಎತ್ತರದಲ್ಲಿದೆ. 2016ರ ಏಪ್ರಿಲ್‌ನಲ್ಲಿ ಒಂದು ದಿನ ನಿಮ್ಮಲ್ಲಿ 39.2 ಡಿಗ್ರಿ ಆಯಿತೆಂದು ಇಂದಿಗೂ ದಾಖಲೆಯಾಗಿ ಹೇಳುತ್ತೀರಿ. ರಾಯಚೂರಿನಲ್ಲಿ ಏಪ್ರಿಲ್‌ನ ಯಾವ ಬುಧವಾರವಾದರೂ ಅಷ್ಟಿರುತ್ತದೆ. ಕೋಲಾರದ ಮಾರುಕಟ್ಟೆಗೆ ಬೇಸಿಗೆಯಲ್ಲೂ ಲೋಡುಗಟ್ಟಲೆ ಟೊಮೆಟೊ ಬರುವುದಕ್ಕೆ ನಮ್ಮ ಜಾಣತನ ಎಷ್ಟು ಕಾರಣವೋ ನಮ್ಮ ರಾತ್ರಿಗಳ ತಂಪೂ ಅಷ್ಟೇ ಕಾರಣ.

ಈಗ ಪರದೆಯ ಸಂಖ್ಯೆ. ಆ ಸಂಖ್ಯೆಗೂ ಬಿಸಿಗೂ ನೇರ ಸಂಬಂಧವಿಲ್ಲ, ಅದು ಬೆಳಕಿನ ಲೆಕ್ಕ. ನಡುಹಗಲಿನ ಬಯಲಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕು ಇರುತ್ತದೆ. 50ರ ಪರದೆಯಡಿ 50 ಸಾವಿರ ಉಳಿಯುತ್ತದೆ, 90ರ ಕೆಳಗೆ ಬರೀ 10 ಸಾವಿರ. ಸೊಪ್ಪಿಗೆ 50 ಸಾಕು. ಟೊಮೆಟೊ, ಮೆಣಸಿಗೆ 35ರಿಂದ 50. ಇದಕ್ಕಿಂತ ಹೆಚ್ಚಾದರೆ ಗಿಡ ಬೆಳಕು ಹುಡುಕಿಕೊಂಡು ಕತ್ತು ಚಾಚುತ್ತದೆ. ನೀವು ನೋಡುತ್ತಿರುವ ಕಡ್ಡಿಗಿಡ ಅದೇ. ನಿಮ್ಮಂತೆಯೇ ಕೆಲವರು 50ರದ್ದನ್ನು ಎರಡು ಪದರ ಹಾಕಿ "100 ಆಯಿತು" ಎನ್ನುತ್ತಾರೆ. ಆಗುವುದು 75, ಅರ್ಧದಲ್ಲಿ ಅರ್ಧ ತಾನೇ.

ಗಾಳಿಯ ಬಿಸಿ ಪರದೆಯಡಿ ಒಂದೆರಡು ಡಿಗ್ರಿ ಇಳಿದರೆ ಹೆಚ್ಚು. ಲಾಭ ಬೇರೆ ಕಡೆ ಇದೆ: ಎಲೆ, ಕಾಯಿ ಮತ್ತು ಮಣ್ಣು ಬಿಸಿಲನ್ನು ನೇರವಾಗಿ ಕುಡಿದು ಗಾಳಿಗಿಂತಲೂ ಬಿಸಿಯಾಗುವುದು ತಪ್ಪುತ್ತದೆ. ಮಧ್ಯಾಹ್ನ ಬಯಲಲ್ಲೂ ಪರದೆಯಡಿಯೂ ಬರಿಗಾಲಲ್ಲಿ ನಿಂತು ನೋಡಿ, ಯಾವ ಉಪಕರಣವೂ ಬೇಡ.

ಇನ್ನೊಂದು, ಐದು ಅಡಿ ಬಹಳ ತಗ್ಗು. ಏಳಕ್ಕೆ ಏರಿಸಿ. ಗಿಡದ ತಲೆಗೂ ಪರದೆಗೂ ನಡುವೆ ಗಾಳಿ ಆಡಬೇಕು.

ಬೆಂಗಳೂರು ಮಹಡಿ | ಏಪ್ರಿಲ್ 9, ಬೆಳಗ್ಗೆ 8:41

ಸರಿ, ರಾಯಚೂರಿನ ಬಿಸಿಲನ್ನು ನಾನು ಕಂಡಿಲ್ಲ, ಒಪ್ಪಿದೆ. ಆದರೆ ಪಶ್ಚಿಮದ ಸಾಲು ಸುಟ್ಟಿದ್ದೇಕೆ ಎಂಬುದಕ್ಕೆ ನೀವೂ ಉತ್ತರ ಕೊಡಲಿಲ್ಲ.

ಸವಣೂರು ಎಲೆತೋಟ | ಏಪ್ರಿಲ್ 9, ಮಧ್ಯಾಹ್ನ 1:15

ತಂಗಿ, ನಿನ್ನ ಅತ್ತೆಯವರು ಹೇಳಿದ್ದು ಸರಿ. ಹಳೆಯ ನೂಲಿನ ಸೀರೆ ಹೆಚ್ಚುಕಡಿಮೆ ನಲವತ್ತು ಐವತ್ತರ ನೆರಳು ಕೊಡುತ್ತದೆ, ಒಂದು ಬೇಸಿಗೆ ಬಾಳುತ್ತದೆ, ಹರಿದರೆ ಮಣ್ಣಿಗೆ ಸೇರುತ್ತದೆ. ಈ ಪ್ಲಾಸ್ಟಿಕ್ ಪರದೆ ಅಗ್ಗದ್ದಾದರೆ ಎರಡನೆಯ ವರ್ಷಕ್ಕೆ ಎಳೆ ಎಳೆಯಾಗಿ ಉದುರಿ ಹೊಲದ ತುಂಬ ಹಸಿರು ದಾರ.

ನಮ್ಮದು ನಾಲ್ಕು ತಲೆಮಾರಿನ ವೀಳ್ಯದೆಲೆ ಬಳ್ಳಿಯ ತೋಟ. ಬಳ್ಳಿ ಹಚ್ಚುವ ಮೊದಲು ಅಗಸೆ, ನುಗ್ಗೆ, ಹಾಲವಾಣ ಹಾಕುತ್ತೇವೆ. ಬೇಸಿಗೆಯಲ್ಲಿ ಅವುಗಳ ತಲೆ ಮುಟ್ಟುವುದಿಲ್ಲ. ಮಳೆಗಾಲಕ್ಕೆ ಟೊಂಗೆ ಸವರುತ್ತೇವೆ. ನೆರಳು ಬೇಕಾದಾಗ ಇರುತ್ತದೆ, ಬೇಡವಾದಾಗ ದನಕ್ಕೆ ಮೇವಾಗುತ್ತದೆ. ಅಂಗಡಿಯಲ್ಲಿ ಇಂಥ ಪರದೆ ಸಿಗುವುದಿಲ್ಲ.

ಇನ್ನೂ ಒಂದು ಮಾತು, ಸಿಟ್ಟಾಗಬೇಡ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಟೊಮೆಟೊ ತಿನ್ನಬೇಕೆಂಬ ಹಟ ಏಕೆ? ಬೆಂಡೆ ಹಾಕು, ಬದನೆ ಹಾಕು. ಚವಳಿಕಾಯಿ, ನಿಮ್ಮ ಕಡೆ ಗೋರಿಕಾಯಿ ಎನ್ನುತ್ತಾರೆ, ಅದಕ್ಕೆ ಬಿಸಿಲೆಂದರೆ ಹಬ್ಬ. ಪುಂಡಿ, ರಾಜಗಿರಿ ನೆರಳು ಕೇಳುವುದೇ ಇಲ್ಲ. ಬೆಳೆಯನ್ನು ಕಾಲಕ್ಕೆ ಹೊಂದಿಸುವುದು ಬಿಟ್ಟು ಕಾಲವನ್ನೇ ಬೆಳೆಗೆ ಹೊಂದಿಸಲು ಹೊರಟರೆ ಖರ್ಚಿಗೆ ಕೊನೆಯಿಲ್ಲ.

ಕಲಬುರಗಿ ಮೇಷ್ಟ್ರು | ಏಪ್ರಿಲ್ 9, ಸಂಜೆ 5:30

ಪಶ್ಚಿಮದ ಸಾಲಿನ ಒಗಟಿಗೆ ಉತ್ತರ ಆಕಾಶದಲ್ಲಿದೆ. ಕಾಗದ, ಪೆನ್ಸಿಲ್ ಹಿಡಿದು ಕುಳಿತಿದ್ದೆ, ಹಾಗಾಗಿ ತಡ.

ನಡುಹಗಲಿನಲ್ಲಿ ತೊಂದರೆಯಿಲ್ಲ. ರಾಯಚೂರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಈಗ ಮಧ್ಯಾಹ್ನ ಸೂರ್ಯ ನೆತ್ತಿಯಿಂದ ಸ್ವಲ್ಪವೇ ದಕ್ಷಿಣಕ್ಕೆ ವಾಲಿರುತ್ತಾನೆ. ಮೇ ಮೊದಲ ವಾರದಲ್ಲಿ ನಿಮಗೆ ಶೂನ್ಯ ನೆರಳಿನ ದಿನ ಬರುತ್ತದೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ, ನಮ್ಮ ಕಲಬುರಗಿಯಲ್ಲಿ ನಿಮಗಿಂತ ಮೂರ್ನಾಲ್ಕು ದಿನ ತಡವಾಗಿ. ಆ ಹೊತ್ತಿನಲ್ಲಿ ಪರದೆಯ ನೆರಳು ಪರದೆಯ ಕೆಳಗೇ ಬೀಳುತ್ತದೆ.

ಸಂಜೆ 4 ಗಂಟೆಗೆ ಕಥೆ ಬೇರೆ. ಆಗ ಸೂರ್ಯ ಪಶ್ಚಿಮದಲ್ಲಿ ನೆಲದಿಂದ ಸುಮಾರು 37 ಡಿಗ್ರಿ ಮೇಲಿರುತ್ತಾನೆ. ಐದು ಅಡಿ ಎತ್ತರದ ಪರದೆಯ ನೆರಳು ಹೆಚ್ಚುಕಡಿಮೆ ಆರೂವರೆ ಅಡಿ ಪೂರ್ವಕ್ಕೆ ಸರಿದು ಬಿದ್ದಿರುತ್ತದೆ. ಪಶ್ಚಿಮದ ಅಂಚಿನ ಗಿಡಗಳ ಪಾಲಿಗೆ ಆಗ ಪರದೆ ಇದ್ದೂ ಇಲ್ಲ. ದಿನವೆಲ್ಲ ಕತ್ತಲಲ್ಲಿದ್ದು ಮೆತ್ತಗಾದ ಗಿಡಕ್ಕೆ, ದಿನದ ಬಿಸಿ ಏರಿ ನಿಂತ ಹೊತ್ತಿನಲ್ಲಿ ಓರೆಬಿಸಿಲು ನೇರವಾಗಿ ಕಾಯಿಯ ಮೇಲೆ. ಬೇಯದೆ ಇನ್ನೇನು?

ಕೋಲಾರದವರು ಏಳು ಅಡಿಗೆ ಏರಿಸಿ ಎಂದರು. ಗಾಳಿಯ ದೃಷ್ಟಿಯಿಂದ ಅದು ಸರಿಯೇ. ಆದರೆ ಏಳು ಅಡಿಯಾದರೆ ನೆರಳು ಒಂಬತ್ತು ಅಡಿ ಸರಿಯುತ್ತದೆ, ಇನ್ನೂ ಎರಡು ಸಾಲು ಬಯಲಿಗೆ ಬೀಳುತ್ತವೆ. ನಾಳೆ ನಾಲ್ಕಕ್ಕೆ ಹೋಗಿ ನೆರಳಿನ ಅಂಚು ಎಲ್ಲಿದೆಯೆಂದು ನೋಡಿ ಬರೆಯಿರಿ. ಲೆಕ್ಕ ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ.

ರಾಯಚೂರು ಹಿತ್ತಲು | ಏಪ್ರಿಲ್ 10, ಸಂಜೆ 6:20

ನಾಲ್ಕಕ್ಕೆ ಅಳತೆಯ ಟೇಪು ಹಿಡಿದು ಹೋದೆ. ಆರು ಅಡಿ ನಾಲ್ಕು ಇಂಚು! ಹದಿನೆಂಟು ದಿನವೂ ನನ್ನ 90ರ ಪರದೆ ಸಂಜೆಯ ಹೊತ್ತು ಪೂರ್ವದ ಗೋಡೆಗೆ ಒರಗಿಸಿಟ್ಟ ತೊಗರಿ ಕಟ್ಟಿಗೆಯ ಹೊರೆಗೆ ನೆರಳು ಕೊಡುತ್ತಿತ್ತು. ನಾನು ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ತೋಟಕ್ಕೆ ಹೋಗುವವಳು, ನಡುವೆ ಶಾಲೆ. ನಾಲ್ಕು ಗಂಟೆಯ ತೋಟವನ್ನು ನಾನು ನೋಡಿಯೇ ಇರಲಿಲ್ಲ.

ಸವಣೂರಿನ ಅಣ್ಣನವರಿಗೆ: ಸಿಟ್ಟು ಬರಲಿಲ್ಲ. ಆದರೆ ನೆಟ್ಟ ಹದಿನಾರು ಗಿಡವನ್ನು ಹೇಗೆ ಕೀಳಲಿ?

ತುಮಕೂರು ತೆಂಗಿನಡಿ | ಏಪ್ರಿಲ್ 10, ಸಂಜೆ 7:02

ತೊಗರಿ ಕಟ್ಟಿಗೆಯ ಹೂವು ಉದುರಲಿಲ್ಲ ತಾನೇ?

ಕೋಲಾರ ಸಸಿಮನೆ | ಏಪ್ರಿಲ್ 10, ರಾತ್ರಿ 9:10

ಮೇಷ್ಟ್ರ ಲೆಕ್ಕಕ್ಕೆ ಶರಣು. ನಮ್ಮ ನೆರಳುಮನೆಗಳಿಗೆ ನಾಲ್ಕೂ ಬದಿ ಪರದೆ ಇರುವುದರಿಂದ ನನಗೆ ಈ ಅಂಚಿನ ಕಷ್ಟ ಹೊಳೆಯಲೇ ಇಲ್ಲ.

ಅಕ್ಕಾ, ಎರಡು ಪ್ರಶ್ನೆ. ಟೊಮೆಟೊ ಗಿಡದ ಕೆಳಗಿನ ಎಲೆಗಳನ್ನು ಸವರಿದ್ದೀರಾ? ನೀರು ಯಾವಾಗ, ಯಾವುದರಿಂದ ಕೊಡುತ್ತೀರಿ?

ರಾಯಚೂರು ಹಿತ್ತಲು | ಏಪ್ರಿಲ್ 10, ರಾತ್ರಿ 9:34

ಸವರಿದ್ದೇನೆ. ಮೊಬೈಲಿನಲ್ಲಿ ಒಂದು ವೀಡಿಯೊ ನೋಡಿ, ಗಾಳಿಯಾಡಲೆಂದು ಅರ್ಧದವರೆಗೂ ಬೋಳಿಸಿದ್ದೇನೆ. ನೀರು ಸಂಜೆ ಶಾಲೆಯಿಂದ ಬಂದ ಕೂಡಲೇ, ಮೇಲಿನ ಸಿಂಟೆಕ್ಸ್‌ನಿಂದ ಪೈಪು ಎಳೆದು.

ಕೋಲಾರ ಸಸಿಮನೆ | ಏಪ್ರಿಲ್ 10, ರಾತ್ರಿ 10:05

ಅಲ್ಲಿಗೆ ಕಳ್ಳ ಸಿಕ್ಕಿದ. ಕಾಯಿಗೆ ಮೊದಲ ಪರದೆ ಅದರದೇ ಎಲೆ. ಬೋಳಿಸುವುದು ಮಳೆಗಾಲದ ಉಪಾಯ, ಬೇಸಿಗೆಗೆ ಅದು ಶಿಕ್ಷೆ. ಇನ್ನು ಒಂದು ಎಲೆಯನ್ನೂ ಮುಟ್ಟಬೇಡಿ.

ನಾಳೆ ಸಂಜೆ ಪೈಪಿನಿಂದ ಬರುವ ಮೊದಲ ಬಕೆಟ್ ನೀರಿಗೆ ಕೈ ಅದ್ದಿ ನೋಡಿ. ಕಪ್ಪು ಟ್ಯಾಂಕು, ಬಿಸಿಲಲ್ಲಿ ಬಿದ್ದ ಪೈಪು. ಸ್ನಾನಕ್ಕೆ ಗೀಸರ್ ಬೇಡ, ಅಷ್ಟು ಬಿಸಿ. ಅದನ್ನು ಬೇರಿಗೆ ಸುರಿಯುತ್ತಿದ್ದೀರಿ. ಸೂರ್ಯ ಹುಟ್ಟುವ ಮೊದಲು ಕೊಡಿ, ಒಂದೇ ಸಲ, ಆಳಕ್ಕೆ ಇಳಿಯುವಂತೆ. ಮಧ್ಯಾಹ್ನ ಎಲೆ ಜೋತಿದ್ದರೆ ಓಡಿಹೋಗಿ ನೀರು ಸುರಿಯಬೇಡಿ. ಸಂಜೆ ಏಳಕ್ಕೂ ಜೋತೇ ಇದ್ದರೆ ಮಾತ್ರ ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿ. ಒಂದು ದಿನ ಕೆಸರು, ಒಂದು ದಿನ ಬಿರುಕು ಎನ್ನುವಂತಾದರೆ ಕಾಯಿಯ ಬುಡ ಕಪ್ಪಾಗಿ ಕೊಳೆಯುತ್ತದೆ, ಅದಕ್ಕೂ ಬಿಸಿಲಿಗೆ ಬೈಯುತ್ತೀರಿ.

ಈಗ 90ರ ಪರದೆಯನ್ನು ಏನು ಮಾಡುವುದು? ಎಸೆಯಬೇಡಿ. ಒಂದು ಅಡಿ ಅಗಲದ ಪಟ್ಟಿಗಳಾಗಿ ಕತ್ತರಿಸಿ. ಉತ್ತರದಿಂದ ದಕ್ಷಿಣಕ್ಕೆ, ಒಂದು ಪಟ್ಟಿ, ಒಂದು ಅಡಿ ಖಾಲಿ, ಮತ್ತೊಂದು ಪಟ್ಟಿ, ಹೀಗೆ ಕಟ್ಟಿ. ಸರಾಸರಿ 45ರ ನೆರಳಾಯಿತು. ಸೂರ್ಯ ಸರಿದಂತೆ ಪಟ್ಟಿಗಳ ನೆರಳು ಗಿಡದಿಂದ ಗಿಡಕ್ಕೆ ದಾಟುತ್ತಾ ಹೋಗುತ್ತದೆ, ಯಾವ ಎಲೆಯೂ ಒಂದೇ ಸಮನೆ ಬಿಸಿಲಲ್ಲಿ ನಿಲ್ಲುವುದಿಲ್ಲ. ಪೂರ್ವ ಪಶ್ಚಿಮವಾಗಿ ಮಾತ್ರ ಕಟ್ಟಬೇಡಿ, ನೆರಳಿನ ಗೆರೆ ದಿನವಿಡೀ ಅಲ್ಲಲ್ಲೇ ಕೂರುತ್ತದೆ. ಅಂಗಡಿಯ ಪರದೆ ಹೆಣಿಗೆಯದ್ದಾಗಿದ್ದರೆ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲ.

ಬೆಂಗಳೂರು ಮಹಡಿ | ಏಪ್ರಿಲ್ 11, ಬೆಳಗ್ಗೆ 6:30

ಈ ಪಟ್ಟಿಯ ಉಪಾಯ ನನಗೂ ಹೊಸದು. ಅಂದ ಹಾಗೆ ಬಣ್ಣದ ಬಗ್ಗೆ ಯಾರೂ ಮಾತಾಡಲಿಲ್ಲ. ಎಲ್ಲ ಅಂಗಡಿಯಲ್ಲೂ ಹಸಿರೇ ಏಕೆ?

ಕಲಬುರಗಿ ಮೇಷ್ಟ್ರು | ಏಪ್ರಿಲ್ 11, ಬೆಳಗ್ಗೆ 7:15

ಹಸಿರು ನಮ್ಮ ಕಣ್ಣಿಗೆ ತಂಪು, ಅದಕ್ಕೇ ಮಾರಾಟವಾಗುತ್ತದೆ. ಎಲೆ ಹಸಿರಾಗಿ ಕಾಣುವುದೇ ಹಸಿರು ಬೆಳಕನ್ನು ಕೆಂಪು, ನೀಲಿಯಷ್ಟು ಬಳಸಿಕೊಳ್ಳದೆ ಒಂದಷ್ಟನ್ನು ಹಿಂದಕ್ಕೆ ಎಸೆಯುವುದರಿಂದ. ಹಸಿರು ಪರದೆ ಗಿಡಕ್ಕೆ ಹೆಚ್ಚು ಬೇಕಾದ ಕೆಂಪನ್ನು ತಡೆದು, ಕಡಿಮೆ ಬೇಕಾದ ಹಸಿರನ್ನು ಒಳಗೆ ಬಿಡುತ್ತದೆ. ಕಪ್ಪು ಎಲ್ಲ ಬಣ್ಣವನ್ನೂ ಸಮನಾಗಿ ತಗ್ಗಿಸುತ್ತದೆ, ಆದರೆ ತಾನೇ ಕಾಯುತ್ತದೆ. ಎತ್ತರದಲ್ಲಿ ಕಟ್ಟಿದರೆ ಮಾತ್ರ ಸರಿ. ಬಿಳಿ ಬಿಸಿಲನ್ನು ತಿರುಗಿ ಕಳಿಸುತ್ತದೆ, ಒಳಗೆ ಬಂದ ಬೆಳಕನ್ನು ಚದುರಿಸುತ್ತದೆ. ಕೊಳ್ಳುವುದಿದ್ದರೆ ನಾನು ಬಿಳಿಯದ್ದನ್ನೇ ಕೊಳ್ಳುತ್ತೇನೆ. ಇದ್ದದ್ದನ್ನು ಎಸೆದು ಕೊಳ್ಳುವಷ್ಟು ವ್ಯತ್ಯಾಸವೇನೂ ಇಲ್ಲ.

ಸವಣೂರು ಎಲೆತೋಟ | ಏಪ್ರಿಲ್ 11, ಬೆಳಗ್ಗೆ 11:40

ಅತ್ತೆಯವರ ಬಿಳಿ ನೂಲಿನ ಸೀರೆ ಯಾವುದಾದರೂ ಇದೆಯೇ ಕೇಳು, ತಂಗಿ.

ನೆಟ್ಟಿದ್ದನ್ನು ಕೀಳು ಎಂದು ನಾನೂ ಹೇಳುವುದಿಲ್ಲ. ಆದರೆ ಪಶ್ಚಿಮಕ್ಕೆ ಪ್ಲಾಸ್ಟಿಕ್ ಬೇಡ. ಎರಡು ಸಾಲು ಗೋವಿನಜೋಳ ಒತ್ತಾಗಿ ಬಿತ್ತು. ಐದು ವಾರದಲ್ಲಿ ಎದೆಯೆತ್ತರ ಗೋಡೆ. ಅಲ್ಲಿಯವರೆಗೆ ಸೀರೆ. ಬುಡಕ್ಕೆ ನಾಲ್ಕು ಬೆರಳು ದಪ್ಪ ಭತ್ತದ ಹುಲ್ಲು ಹಾಸು. ಸಿಂಧನೂರು ನಿಮ್ಮ ಜಿಲ್ಲೆಯಲ್ಲೇ ಇದೆಯಲ್ಲ, ಹುಲ್ಲಿಗೆ ಬರವೇ? ನನ್ನನ್ನು ಕೇಳಿದರೆ ಮೊದಲು ಹುಲ್ಲು, ಆಮೇಲೆ ಪರದೆ. ಬೇರು ತಂಪಾಗಿದ್ದರೆ ತಲೆ ಅರ್ಧ ಬಿಸಿಲನ್ನು ತಾನೇ ತಾಳಿಕೊಳ್ಳುತ್ತದೆ.

ಮಸ್ಕತ್ ಬಾಲ್ಕನಿ | ಏಪ್ರಿಲ್ 12, ರಾತ್ರಿ 10:50

ಉಡುಪಿಯಿಂದ ಬಂದು ಇಲ್ಲಿ ಹನ್ನೊಂದು ವರ್ಷ. ನಮ್ಮಲ್ಲಿ ತರಕಾರಿಯ ಕಾಲ ಅಕ್ಟೋಬರ್‌ನಿಂದ ಏಪ್ರಿಲ್. ಮೇ ಬಂತೆಂದರೆ ಯಾವ ಪರದೆಯೂ ಟೊಮೆಟೊವನ್ನು ಉಳಿಸುವುದಿಲ್ಲ. ನೆರಳಲ್ಲೇ 45 ಇದ್ದರೆ ನೆರಳು ಏನು ಮಾಡೀತು? ಮೊದಲೆರಡು ವರ್ಷ ಹಟ ಮಾಡಿ ಸೋತೆ. ಈಗ ಬೇಸಿಗೆಯಲ್ಲಿ 50ರ ಪರದೆಯಡಿ ಕರಿಬೇವು ಮತ್ತು ಊರಿನಿಂದ ಕಡ್ಡಿ ತಂದು ನೆಟ್ಟ ಬಸಳೆ, ಎರಡೇ. ಬಸಳೆ ಮಾತ್ರ ಎಂಥ ಸೆಕೆಗೂ ಜಗ್ಗುವುದಿಲ್ಲ, ವಾರಕ್ಕೊಮ್ಮೆ ಪದಾರ್ಥಕ್ಕೆ ಸಾಕಾಗುತ್ತದೆ.

ಕೋಲಾರ ಸಸಿಮನೆ | ಏಪ್ರಿಲ್ 13, ಬೆಳಗ್ಗೆ 7:45

ಮಸ್ಕತ್‌ನವರು ಹೇಳಿದ್ದು ರಾಯಚೂರಿಗೂ ಸ್ವಲ್ಪ ಅನ್ವಯಿಸುತ್ತದೆ. ಅಕ್ಕನಿಗೆ ಸುಳ್ಳು ಭರವಸೆ ಕೊಡಬಾರದು. ಹಗಲು 35 ದಾಟಿದರೆ, ರಾತ್ರಿ 24ಕ್ಕಿಂತ ಕೆಳಗೆ ಇಳಿಯದಿದ್ದರೆ ಟೊಮೆಟೊದ ಪರಾಗ ಕೆಡುತ್ತದೆ, ಹೂವು ಕಾಯಿ ಕಚ್ಚದೆ ಉದುರುತ್ತದೆ. ಹಗಲಿನ ಬಿಸಿಲಿಗೆ ಪರದೆ ಅಡ್ಡ ನಿಂತೀತು, ರಾತ್ರಿಯ ಧಗೆಗೆ ಯಾವುದು ಅಡ್ಡ? ನಿಮ್ಮ ಹೂವು ಉದುರುವುದಕ್ಕೆ 90ರ ಕತ್ತಲು ಅರ್ಧ ಕಾರಣ, ರಾತ್ರಿಗಳು ಉಳಿದರ್ಧ. ಹಾಗಾಗಿ ಮೇ ಮುಗಿಯುವವರೆಗೆ ಹೊಸ ಕಾಯಿ ನಿರೀಕ್ಷಿಸಬೇಡಿ. ಗಿಡ ಜೀವಂತವಾಗಿ ಜೂನ್ ಮುಟ್ಟಿದರೆ ಗೆದ್ದಂತೆ.

ಈಗಾಗಲೇ ಇರುವ ಕಾಯಿಗಳನ್ನು ಗಿಡದಲ್ಲೇ ಕೆಂಪಾಗಲೆಂದು ಬಿಡಬೇಡಿ. 30 ಡಿಗ್ರಿ ದಾಟಿದರೆ ಕೆಂಪು ಬಣ್ಣ ಸರಿಯಾಗಿ ಕೂಡುವುದಿಲ್ಲ, ಕಿತ್ತಳೆಯಲ್ಲೇ ನಿಂತು ಮೆತ್ತಗಾಗುತ್ತದೆ. ತುದಿ ಸ್ವಲ್ಪ ಬಣ್ಣ ತಿರುಗಿದ ಕೂಡಲೇ ಕೊಯ್ದು ಅಡುಗೆಮನೆಯ ತಂಪು ಮೂಲೆಯಲ್ಲಿ ಇಡಿ. ಕೊತ್ತಂಬರಿಯ ಆಸೆ ಬಿಡಿ, ಅದು ಈಗ ಹೂವಿಗೆ ಬಂದಿರಬೇಕು. ಬೀಜಕ್ಕೆ ಬಿಟ್ಟರೆ ಧನಿಯಾ ಆದರೂ ಸಿಗುತ್ತದೆ.

ರಾಯಚೂರು ಹಿತ್ತಲು | ಏಪ್ರಿಲ್ 16, ರಾತ್ರಿ 8:30

ಭಾನುವಾರ ಇಡೀ ಮನೆಯವರು ಸೇರಿ ಕಟ್ಟಿದೆವು. ಬಿದಿರು ಏಳು ಅಡಿಗೆ ಏರಿತು. ಪರದೆ ಪಟ್ಟಿಯಾಯಿತು, ಉತ್ತರ ದಕ್ಷಿಣವಾಗಿ ಹರಡಿದೆವು. ಪಶ್ಚಿಮಕ್ಕೆ ಅತ್ತೆಯವರ ಮಾಸಲು ಬಿಳಿ ಸೀರೆ, ನೆಲದಿಂದ ಒಂದೂವರೆ ಅಡಿ ಬಿಟ್ಟು. ಅದರ ಬುಡದಲ್ಲಿ ಗೋವಿನಜೋಳ ಬಿತ್ತಿದ್ದೇನೆ. ಉತ್ತರ ದಕ್ಷಿಣ ತೆರೆದೇ ಇವೆ. ಸೀರೆ ಕಟ್ಟುವಾಗ ಅತ್ತೆಯವರ ಮುಖ ನೋಡಬೇಕಿತ್ತು. ಏನೂ ಹೇಳಲಿಲ್ಲ, ಅದೇ ಹೆಚ್ಚು.

ಪೈಪಿನ ಮೊದಲ ಬಕೆಟ್‌ಗೆ ಕೈ ಹಾಕಿದೆ. ಹಾಕಿದಷ್ಟೇ ಬೇಗ ತೆಗೆದೆ.

ತುಮಕೂರು ತೆಂಗಿನಡಿ | ಏಪ್ರಿಲ್ 18, ಬೆಳಗ್ಗೆ 9:00

ನಡುವೆ ನನ್ನದೊಂದು ಪ್ರಶ್ನೆ. ಮಂಗನ ಕಾಟಕ್ಕೆ ಸೌತೆ, ಕುಂಬಳದ ಬಳ್ಳಿಗೆ ಸುತ್ತಲೂ ನೆಲದವರೆಗೆ 50ರ ಪರದೆ ಕಟ್ಟಿದ್ದೇನೆ. ಬಳ್ಳಿ ಸೊಂಪಾಗಿದೆ, ಹೂವು ಬೇಕಾದಷ್ಟು. ಬೆರಳುಗಾತ್ರದ ಪೀಚು ಕೂಡ ನಿಲ್ಲದೆ ಹಳದಿಯಾಗಿ ಬೀಳುತ್ತಿದೆ.

ಸವಣೂರು ಎಲೆತೋಟ | ಏಪ್ರಿಲ್ 18, ಬೆಳಗ್ಗೆ 10:20

ಜೇನು ಎಲ್ಲಿಂದ ಒಳಗೆ ಬರಬೇಕು? ಬೆಳಗ್ಗೆ ಏಳರೊಳಗೆ ಎರಡು ಬದಿ ಎತ್ತಿ ಕಟ್ಟು, ಹತ್ತಕ್ಕೆ ಇಳಿಸು. ಆಗದಿದ್ದರೆ ಗಂಡು ಹೂವು ಕಿತ್ತು, ದಳ ತೆಗೆದು, ಹೆಣ್ಣು ಹೂವಿಗೆ ನೀನೇ ಸವರು. ಪೀಚು ಹೊತ್ತದ್ದು ಹೆಣ್ಣು.

ರಾಯಚೂರು ಹಿತ್ತಲು | ಏಪ್ರಿಲ್ 23, ಬೆಳಗ್ಗೆ 6:10

ನಿನ್ನೆ ರಾತ್ರಿ ಅಶ್ವಿನಿ ಮಳೆ. ಮಳೆ ಹತ್ತು ನಿಮಿಷ, ಗಾಳಿ ಅರ್ಧ ಗಂಟೆ. ಎರಡು ಬಿದಿರು ಬುಡಸಮೇತ ಕಿತ್ತು ಬಂದಿವೆ, ಮೂರು ಗಿಡ ಮುರಿದಿವೆ. ಬೈಂಡಿಂಗ್ ತಂತಿಯಿಂದ ಅಷ್ಟು ಬಿಗಿಯಾಗಿ ಕಟ್ಟಿದ್ದೆ. ಸೀರೆ ಮಾತ್ರ ಪಕ್ಕದ ಮನೆಯ ಬೇವಿನ ಮರದಲ್ಲಿ ಧ್ವಜದಂತೆ ಹಾರುತ್ತಿದೆ.

ಕೋಲಾರ ಸಸಿಮನೆ | ಏಪ್ರಿಲ್ 23, ಬೆಳಗ್ಗೆ 6:55

ಬಿಗಿಯಾಗಿ ಕಟ್ಟಿದ್ದೇ ತಪ್ಪಾಯಿತು, ಅಕ್ಕಾ. ಪರದೆ ಗಾಳಿಗೆ ಹಾಯಿಯಂತೆ ಉಬ್ಬುತ್ತದೆ. ತಂತಿ ಕಡಿಯದಿದ್ದರೆ ಬಿದಿರು ಏಳಲೇಬೇಕು. ಪೂರ್ವದ ಬದಿಯನ್ನು ಮಾತ್ರ ಭದ್ರವಾಗಿ ಕಟ್ಟಿ, ಉಳಿದ ಕಡೆ ಸುತಳಿ ಸಾಕು. ದೊಡ್ಡ ಗಾಳಿಗೆ ಸುತಳಿ ಹರಿದು ಪರದೆ ಬಾವುಟವಾಗಲಿ, ಬಿದಿರು ಮತ್ತು ಗಿಡ ಉಳಿಯುತ್ತವೆ. ಮರುದಿನ ಹತ್ತು ರೂಪಾಯಿಯ ಸುತಳಿಯಿಂದ ಮತ್ತೆ ಕಟ್ಟಬಹುದು. ಪರದೆಯ ಅಂಚಿಗೆ ತೂತು ಹೊಡೆದು ಕಟ್ಟಿದರೆ ಅಲ್ಲಿಂದಲೇ ಸೀಳುತ್ತದೆ, ಬಿದಿರಿನ ಗಳಕ್ಕೆ ಎರಡು ಸುತ್ತು ಸುತ್ತಿ ದಬ್ಬಳದಿಂದ ಹೊಲಿಯಿರಿ. ಬುಡದ ಗುಂಡಿ ಎರಡು ಅಡಿ ಆಳವಿರಲಿ.

ಇನ್ನು ಭರಣಿ, ಕೃತ್ತಿಕಾ ಎರಡೂ ಬಾಕಿ ಇವೆ.

ಸವಣೂರು ಎಲೆತೋಟ | ಏಪ್ರಿಲ್ 23, ಮಧ್ಯಾಹ್ನ 12:30

ಭರಣಿ ಮಳೆ ಬಂದರೆ ಧರಣಿ ಬದುಕೀತು ಎನ್ನುತ್ತಾರೆ. ಪರದೆಯ ವಿಚಾರ ಗಾದೆಯಲ್ಲಿ ಇಲ್ಲ.

ಬಿದ್ದ ಪರದೆಯನ್ನು ನೆಲದ ಮೇಲೆ ರಾಶಿ ಬಿಡಬೇಡ. ನಮ್ಮ ಪಕ್ಕದ ಹೊಲದವರು ಹಕ್ಕಿಗೆಂದು ತಂದ ನೈಲಾನ್ ಬಲೆಯನ್ನು ಬದುವಿನ ಮೇಲೆ ಬಿಟ್ಟಿದ್ದರು. ಆಳುದ್ದದ ಕೇರೆಹಾವು ಸಿಕ್ಕಿಕೊಂಡು, ಹೊರಳಿದಷ್ಟೂ ಬಿಗಿದು, ನಾವು ನೋಡುವಷ್ಟರಲ್ಲಿ ಸತ್ತಿತ್ತು. ಆ ವರ್ಷ ಇಲಿಗಳದ್ದೇ ರಾಜ್ಯ. ನೆರಳು ಪರದೆಯ ಕಣ್ಣು ಅಷ್ಟು ದೊಡ್ಡದಲ್ಲ, ಆದರೂ ಪಟ್ಟಿಗಳು ಸಿಕ್ಕುಗಟ್ಟಿದರೆ ಓತಿಕ್ಯಾತಕ್ಕೆ ಅಷ್ಟೇ ಸಾಕು.

ರಾಯಚೂರು ಹಿತ್ತಲು | ಮೇ 11, ಬೆಳಗ್ಗೆ 7:00

ವರದಿ ಕೇಳಿದವರಿಗೆ. ಹದಿನಾರರಲ್ಲಿ ಹನ್ನೆರಡು ಟೊಮೆಟೊ ಗಿಡ ಬದುಕಿವೆ. ಹೂವು ಬರುತ್ತದೆ, ಬೀಳುತ್ತದೆ. ಕೋಲಾರದವರ ಮಾತು ಅಕ್ಷರಶಃ. ನಿನ್ನೆ ರಾತ್ರಿ ಹನ್ನೊಂದಕ್ಕೆ ಹಿತ್ತಲಿನ ಥರ್ಮಾಮೀಟರ್ 31 ತೋರಿಸುತ್ತಿತ್ತು, ಅವುಗಳನ್ನು ದೂರಿ ಫಲವಿಲ್ಲ. ಹೊಸದಾಗಿ ಸುಟ್ಟ ಕಾಯಿ ಒಂದೂ ಇಲ್ಲ. ದೊಣ್ಣೆ ಮೆಣಸು ಆರೂ ಚೆನ್ನಾಗಿವೆ, ನೆರಳನ್ನು ಅವು ಟೊಮೆಟೊಗಿಂತ ಹೆಚ್ಚು ಇಷ್ಟಪಡುವಂತೆ ಕಾಣುತ್ತದೆ. ಪಾಲಕ್ ಮುಗಿಯಿತು. ಆ ಜಾಗಕ್ಕೆ ಪುಂಡಿ, ಗೋರಿಕಾಯಿ ಹಾಕಿದೆ, ಸವಣೂರಿನ ಅಣ್ಣನವರಿಗೆ ಇದನ್ನು ಹೇಳಬಾರದೆಂದುಕೊಂಡಿದ್ದೆ.

ಮೇ 5ರಂದು ಶಾಲೆಯ ಮಕ್ಕಳನ್ನು ಮನೆಗೆ ಕರೆದು ಅಂಗಳದಲ್ಲಿ ಕೋಲು ನೆಟ್ಟೆ. ಹನ್ನೆರಡೂಕಾಲರ ಸುಮಾರಿಗೆ ನೆರಳು ಬುಡದೊಳಗೇ ಅಡಗಿತು. ಮಕ್ಕಳು ಮೇಷ್ಟ್ರಿಗೆ ನಮಸ್ಕಾರ ಹೇಳಿದ್ದಾರೆ.

ಬೆಂಗಳೂರು ಮಹಡಿ | ಮೇ 11, ಬೆಳಗ್ಗೆ 8:25

ನಾನೂ ಒಂದು ತಪ್ಪೊಪ್ಪಿಗೆ ಬರೆಯಬೇಕು. ಈ ಚರ್ಚೆ ಓದಿದ ಮೇಲೆ ನನ್ನ ಮಹಡಿಯಲ್ಲೂ ಸಂಜೆ ನಾಲ್ಕಕ್ಕೆ ಹೋಗಿ ನೋಡಿದೆ. ಪಶ್ಚಿಮದ ಗೋಡೆಯ ಪಕ್ಕದ ಕಪ್ಪು ಚೀಲಗಳನ್ನು ಮುಟ್ಟಲಾಗಲಿಲ್ಲ. ಪ್ರತಿವರ್ಷ ಆ ಸಾಲಿನ ಗಿಡಗಳೇ ಮೊದಲು ಸಾಯುತ್ತಿದ್ದವು, ಗೊಬ್ಬರ ಸಾಲದೆಂದು ತಿಳಿದು ಹಿಂಡಿ ಸುರಿಯುತ್ತಿದ್ದೆ. ಚೀಲಗಳನ್ನು ಇಟ್ಟಿಗೆಯ ಮೇಲೆ ಎತ್ತಿ, ಬಿಳಿ ಬಟ್ಟೆ ಸುತ್ತಿದ್ದೇನೆ. ಪಶ್ಚಿಮಕ್ಕೆ ಮಾತ್ರ 35ರ ಪರದೆ ಇಳಿಬಿಟ್ಟೆ. ಏಳು ವರ್ಷ ಪರದೆ ಕಟ್ಟಿಲ್ಲವೆಂಬ ಜಂಭ ಎಂಟನೆಯ ವರ್ಷ ಇಳಿಯಿತು.

ರಾಯಚೂರು ಹಿತ್ತಲು | ಜೂನ್ 17, ಬೆಳಗ್ಗೆ 6:40

ಮೃಗಶಿರ ಎರಡು ಸಲ ಚೆನ್ನಾಗಿ ಸುರಿಯಿತು. ರಾತ್ರಿ ಹೊದಿಕೆ ಬೇಕೆನಿಸಿತು. ಕಳೆದ ವಾರದಿಂದ ಟೊಮೆಟೊ ಕಾಯಿ ಕಚ್ಚಿದೆ, ಎಣಿಸಿದೆ, ನಲವತ್ತಮೂರು. ಪಟ್ಟಿಗಳನ್ನು ಎರಡೆರಡು ದಿನಕ್ಕೆ ಒಂದರಂತೆ ಬಿಚ್ಚುತ್ತಾ ಬಂದು ನಿನ್ನೆ ಕೊನೆಯದನ್ನೂ ತೆಗೆದೆ. ಗೋವಿನಜೋಳದ ತೆನೆ ಮಕ್ಕಳ ಹೊಟ್ಟೆ ಸೇರಿತು.

ತುಮಕೂರು ತೆಂಗಿನಡಿ | ಜೂನ್ 17, ಬೆಳಗ್ಗೆ 7:30

ನಾನು ಪರದೆಯನ್ನು ಹಾಗೇ ಬಿಟ್ಟಿದ್ದೇನೆ, ಮುಂದಿನ ಬೇಸಿಗೆಗೆ ಮತ್ತೆ ಯಾರು ಕಟ್ಟುವುದು?

ಕೋಲಾರ ಸಸಿಮನೆ | ಜೂನ್ 17, ಬೆಳಗ್ಗೆ 8:10

ಮೋಡದ ದಿನ, ಮೇಲೆ ಪರದೆ, ಒಳಗೆ ತೇವ. ಎಲೆಯ ಮೇಲೆ ಬೂದಿರೋಗ ಬಂದಾಗ ಮತ್ತೆ ಇಲ್ಲಿಗೇ ಬರುತ್ತೀರಿ. ಇವತ್ತೇ ಬಿಚ್ಚಿ, ಪಾಚಿ ತೊಳೆದು, ಒಣಗಿಸಿ, ಸುರುಳಿ ಸುತ್ತಿ ಅಟ್ಟದಿಂದ ನೇತುಹಾಕಿ. ನೆಲದ ಮೇಲಿಟ್ಟರೆ ಇಲಿಗೆ ಬಾಣಂತಿ ಕೋಣೆ.

ರಾಯಚೂರು ಹಿತ್ತಲು | ಜೂನ್ 17, ಸಂಜೆ 7:15

ನಮ್ಮಲ್ಲಿ ಸುರುಳಿ ಸುತ್ತಲು ಪಟ್ಟಿಗಳು ಉಳಿದಿಲ್ಲ. ಸಂಜೆ ಬಂದು ನೋಡಿದರೆ ಅತ್ತೆಯವರು ಎಲ್ಲವನ್ನೂ ದಬ್ಬಳದಿಂದ ಜೋಡಿಸಿ ಹೊಲಿದು ಮೇಲಿನ ಸಿಂಟೆಕ್ಸ್‌ಗೆ ಅಂಗಿ ತೊಡಿಸಿದ್ದಾರೆ. ಮಳೆಗಾಲದಲ್ಲಿ ಏಕೆ ಎಂದು ಕೇಳಿದೆ. "ಮಾರ್ಚ್‌ನಲ್ಲಿ ನಿನಗೆ ನೆನಪಿರುವುದಿಲ್ಲ" ಎಂದರು.